ಕಾವುಪೆಟ್ಟಿಗೆಯಲ್ಲಿ ಹೆಬ್ಬಾತಿನ ಮರಿ



ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮನೆಯ ಹತ್ತಿರ ಕೆರೆಯೋ ಹೊಂಡವೋ ಇರುವ ಕೆಲವರ ಅಂಗಳಕ್ಕೆ ನೀವು ಕಾಲಿಟ್ಟರೆ, ನಾಯಿಗಿಂತ ಮೊದಲು ನಿಮ್ಮನ್ನು ಎದುರುಗೊಳ್ಳುವುದು ಉದ್ದ ಕತ್ತಿನ ಒಂದು ದೊಡ್ಡ ಹಕ್ಕಿ. ಕತ್ತನ್ನು ನೆಲಕ್ಕೆ ಸಮನಾಗಿ ಚಾಚಿ, ಬುಸುಗುಟ್ಟುತ್ತ, ರೆಕ್ಕೆ ಅಗಲಿಸಿ ಅದು ಬರುವ ಠೀವಿ ನೋಡಿದರೆ ದೊಡ್ಡವರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅದನ್ನು ಎಲ್ಲರೂ ಬಾತುಕೋಳಿ ಎಂದೇ ಕರೆಯುತ್ತಾರೆ. ಆದರೆ ಬಾತುಕೋಳಿ ಬೇರೆ, ಇದು ಬೇರೆ. ಇದು ಹೆಬ್ಬಾತು. ಮನುಷ್ಯ ಸಾಕಿಕೊಂಡ ಹೆಬ್ಬಾತುಗಳೆಲ್ಲ ಎರಡು ಕಾಡುಜಾತಿಗಳಿಂದ ಬಂದವು. ಒಂದು ಯುರೋಪು ಮತ್ತು ಏಷ್ಯಾದ ಬೂದು ಹೆಬ್ಬಾತು, ಇನ್ನೊಂದು ಚೀನಾ, ಮಂಗೋಲಿಯಾ ಕಡೆಯ ಹಂಸ ಹೆಬ್ಬಾತು. ಕೊಕ್ಕಿನ ಬುಡದಲ್ಲಿ ಗಂಟಿನಂತೆ ಉಬ್ಬು ಕಂಡರೆ ಅದು ಚೀನಾದ ವಂಶ ಎಂದು ತಿಳಿಯಿರಿ. ಇವುಗಳ ಕಾಡು ನೆಂಟರನ್ನು ನೋಡಬೇಕೆಂದರೆ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕು. ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ದೊಡ್ಡ ಹಿಂಡುಗಳಲ್ಲಿ ಬಂದಿಳಿಯುತ್ತವೆ.

ಹೆಬ್ಬಾತು ಕಾವಿಗೆ ಕೂರುವುದರಲ್ಲಿ ಬಹಳ ಶ್ರದ್ಧೆಯ ಹಕ್ಕಿ. ಹೀಗಿರುವಾಗ ಅದರ ಮೊಟ್ಟೆಗೆ ನಾವು ಪೆಟ್ಟಿಗೆಯಲ್ಲಿ ಕಾವು ಕೊಡುವ ಪ್ರಸಂಗ ಏಕೆ ಬಂತೆಂದು ನೀವು ಕೇಳಬಹುದು. ನನಗೆ ಬಂದದ್ದು ಹೀಗೆ. ನಾನು ಸಿದ್ದಾಪುರ ತಾಲೂಕಿನ ಹಳ್ಳಿಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದವನು. 2018ರ ಏಪ್ರಿಲ್‌ನಲ್ಲಿ ಯಲ್ಲಾಪುರ ತಾಲೂಕಿನ ನನ್ನ ಬಂಧುವೊಬ್ಬರ ಮನೆಯ ಹೆಣ್ಣು ಹೆಬ್ಬಾತನ್ನು ರಾತ್ರಿ ಚಿರತೆ ಹೊತ್ತೊಯ್ದಿತು. ಗೂಡಿನಲ್ಲಿ ಆರು ಮೊಟ್ಟೆಗಳಿದ್ದವು, ಹಕ್ಕಿ ಇನ್ನೂ ಕಾವಿಗೆ ಕೂತಿರಲಿಲ್ಲ. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ಭಾವ, ಎಂತಾದ್ರೂ ಮಾಡ್ಲಕ್ಕಾ ನೋಡು."

ಕಾವಿಗೆ ಕೂರದಿದ್ದದ್ದೇ ಅನುಕೂಲವಾಯಿತು. ಹಕ್ಕಿ ಮೊಟ್ಟೆಯನ್ನು ಒಂದೇ ದಿನ ಇಟ್ಟು ಮುಗಿಸುವುದಿಲ್ಲ. ಹೆಬ್ಬಾತು ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದೊಂದು ಇಡುತ್ತದೆ. ಮೊದಲು ಇಟ್ಟದ್ದೂ ಕೊನೆಗೆ ಇಟ್ಟದ್ದೂ ಒಟ್ಟಿಗೆ ಮರಿಯಾಗಬೇಕಾದರೆ, ಕಾವು ಬೀಳುವ ತನಕ ಭ್ರೂಣದ ಬೆಳವಣಿಗೆ ನಿಂತಿರಬೇಕು. ತಂಪು ಜಾಗದಲ್ಲಿಟ್ಟ ಮೊಟ್ಟೆಯಲ್ಲಿ ಅದು ನಿಂತೇ ಇರುತ್ತದೆ. ಒಂದು ವಾರದವರೆಗೆ ಹೆಚ್ಚು ನಷ್ಟವಿಲ್ಲ, ಆಮೇಲೆ ದಿನ ಕಳೆದಂತೆ ಮರಿಯಾಗುವ ಸಂಭವ ಇಳಿಯುತ್ತದೆ. ಮೊಟ್ಟೆ ಇಡಲು 15 ಡಿಗ್ರಿಯ ಆಸುಪಾಸು ಒಳ್ಳೆಯದು. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಅಷ್ಟು ತಂಪು ಎಲ್ಲಿಂದ ತರೋಣ? ಮಣ್ಣಿನ ಗೋಡೆಯ ಉಗ್ರಾಣದ ಮೂಲೆಯೇ ಗತಿ.

ಮೊಟ್ಟೆಗಳನ್ನು ಭತ್ತದ ಹೊಟ್ಟು ತುಂಬಿದ ಬುಟ್ಟಿಯಲ್ಲಿಟ್ಟು ಯಲ್ಲಾಪುರದಿಂದ ಶಿರಸಿಗೆ, ಶಿರಸಿಯಿಂದ ಸಿದ್ದಾಪುರಕ್ಕೆ ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು ತಂದೆ. ಪ್ರಯಾಣದಲ್ಲಿ ಕುಲುಕಿದ ಮೊಟ್ಟೆಯನ್ನು ಕೂಡಲೇ ಕಾವಿಗೆ ಇಡಬಾರದು. ಅಗಲ ತುದಿ ಮೇಲೆ ಬರುವಂತೆ ಒಂದು ದಿನ ಅಲುಗಿಸದೆ ಇಡಬೇಕು. ಆ ತುದಿಯಲ್ಲಿ ಸಣ್ಣ ಗಾಳಿಕೋಶವಿದೆ. ಕುಲುಕಾಟದಲ್ಲಿ ಅದು ಸಡಿಲವಾಗಿದ್ದರೆ ಸ್ವಸ್ಥಾನಕ್ಕೆ ಮರಳಲು ಹೊತ್ತು ಬೇಕು.

ಮೊದಲು ನನಗೆ ಹೊಳೆದದ್ದು ಕೋಳಿ. ಕಾವಿಗೆ ಕೂತ ಹೇಟೆಯ ಕೆಳಗೆ ಬಾತಿನ ಮೊಟ್ಟೆ ಇಡುವುದು ಹಳ್ಳಿಗಳಲ್ಲಿ ಹೊಸದಲ್ಲ. ಆದರೆ ನಾಟಿಕೋಳಿಯ ಮೊಟ್ಟೆ 40ರಿಂದ 50 ಗ್ರಾಂ ತೂಗಿದರೆ, ನನ್ನ ಬುಟ್ಟಿಯಲ್ಲಿದ್ದವು ಒಂದೊಂದೂ 150 ಗ್ರಾಂ ಹತ್ತಿರ. ಹೇಟೆಯ ಮೈ ಅಡಿಯಲ್ಲಿ ಅಂಥವು ನಾಲ್ಕು ಹಿಡಿದರೆ ಹೆಚ್ಚು. ಹಿಡಿದರೂ ಅವನ್ನು ಕೊಕ್ಕಿನಿಂದ ಹೊರಳಿಸುವ ಶಕ್ತಿ ಅದಕ್ಕಿಲ್ಲ. ಅಲ್ಲದೆ ಆ ವಾರ ಊರಿನಲ್ಲಿ ಕಾವಿಗೆ ಕೂತ ಕೋಳಿ ಒಂದೂ ಸಿಗಲಿಲ್ಲ. ಹಾಗಾಗಿ ಇನ್‌ಕ್ಯುಬೇಟರ್ ಎಂದು ಕರೆಯುವ ಕಾವುಪೆಟ್ಟಿಗೆಯನ್ನೇ ಮಾಡಬೇಕಾಯಿತು.

ಇದು ಹೊಸ ವಿದ್ಯೆಯೇನೂ ಅಲ್ಲ. ಈಜಿಪ್ಟಿನವರು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಮಣ್ಣಿನ ದೊಡ್ಡ ಗೂಡೊಲೆಗಳಲ್ಲಿ ಸಾವಿರಗಟ್ಟಲೆ ಕೋಳಿಮೊಟ್ಟೆಗೆ ಕಾವು ಕೊಡುತ್ತಿದ್ದರು. ಅವರ ಬಳಿ ಉಷ್ಣಮಾಪಕ ಇರಲಿಲ್ಲ. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಬಿಸಿ ಅಳೆಯುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ರಿಯೋಮುರ್ ಈ ವಿದ್ಯೆಯನ್ನು ಅಭ್ಯಾಸ ಮಾಡಿ 1749ರಲ್ಲಿ ಗ್ರಂಥ ಬರೆದ. ಚೀನಾದಲ್ಲಿ, ಆಮೇಲೆ ಬಾಂಗ್ಲಾದೇಶದಲ್ಲೂ, ಬಾತಿನ ಮೊಟ್ಟೆಗಳನ್ನು ಭತ್ತದ ಹೊಟ್ಟಿನ ನಡುವೆ ಇಟ್ಟು ಮರಿ ಮಾಡುವ ಪದ್ಧತಿ ಇದೆ. ಅದರ ಜಾಣ್ಮೆ ಹೇಳಲೇಬೇಕು. ಅರ್ಧಕ್ಕಿಂತ ಹೆಚ್ಚು ಬೆಳೆದ ಭ್ರೂಣ ತಾನೇ ಬಿಸಿಯನ್ನು ಹೊರಗೆ ಬಿಡುತ್ತದೆ. ಆ ಹಳೆಯ ಮೊಟ್ಟೆಗಳ ಪಕ್ಕದಲ್ಲಿ ಹೊಸ ಮೊಟ್ಟೆ ಇಟ್ಟರೆ ಹಳೆಯವು ಹೊಸದಕ್ಕೆ ಕಾವು ಕೊಡುತ್ತವೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ನನ್ನ ಮೊಟ್ಟೆಗಳನ್ನು ಉಳಿಸಿದ್ದು ಇದೇ.

ನನ್ನ ಪೆಟ್ಟಿಗೆ ತೀರಾ ಸರಳ. ಶಿರಸಿ ಪೇಟೆಯ ಔಷಧಿ ಅಂಗಡಿಯಿಂದ ತಂದ ದಪ್ಪ ಥರ್ಮೋಕೋಲ್ ಡಬ್ಬಿ, 40 ವ್ಯಾಟಿನ ಎರಡು ಬಲ್ಬು, ಬಿಸಿ ಏರಿದಾಗ ಬಲ್ಬನ್ನು ಆರಿಸಿ ಇಳಿದಾಗ ಹೊತ್ತಿಸುವ ಥರ್ಮೋಸ್ಟಾಟ್, ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಸಣ್ಣ ಫ್ಯಾನು. ಬಲ್ಬು ತಂತಿಯುಳ್ಳ ಹಳೆಯ ನಮೂನೆಯದೇ ಆಗಬೇಕು. ಎಲ್‌ಇಡಿ ಬಲ್ಬು ಬೆಳಕನ್ನು ಕೊಡುತ್ತದೆ, ಕಾವಿಗೆ ಬೇಕಾದಷ್ಟು ಬಿಸಿ ಅದರಿಂದ ಸಿಗದು. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಬಲ್ಬಿಗೆ ಥರ್ಮೋಕೋಲ್ ತಾಗಿದರೆ ಕರಗುತ್ತದೆ, ಬೆಂಕಿಯೂ ಹತ್ತುತ್ತದೆ. ಬಲ್ಬಿನ ಸುತ್ತ ತಗಡಿನ ಮರೆ ಬೇಕು. ಪೆಟ್ಟಿಗೆಯಲ್ಲಿ ನೀರೂ ಇರುವುದರಿಂದ ವಯರಿಂಗನ್ನು ಬಲ್ಲವರ ಕೈಯಲ್ಲೇ ಮಾಡಿಸಿ. ಹೈಸ್ಕೂಲಿನವರು ಒಬ್ಬರೇ ಇದಕ್ಕೆ ಕೈ ಹಾಕಬೇಡಿ.

ಫ್ಯಾನಿರುವ ಪೆಟ್ಟಿಗೆಯಲ್ಲಿ ಬಿಸಿ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಫ್ಯಾನಿಲ್ಲದಿದ್ದರೆ ಬಿಸಿಗಾಳಿ ಮೇಲೆ ನಿಂತು ತಂಪುಗಾಳಿ ಕೆಳಗೆ ಉಳಿಯುತ್ತದೆ. ಆಗ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ 38ಕ್ಕಿಂತ ತುಸು ಮೇಲೆ ಇಡುತ್ತಾರೆ. ಅಗ್ಗದ ಉಷ್ಣಮಾಪಕಗಳು ಒಂದು ಡಿಗ್ರಿ ಸುಳ್ಳು ಹೇಳುವುದುಂಟು, ಮೊಟ್ಟೆಗೆ ಆ ಒಂದು ಡಿಗ್ರಿಯೇ ದೊಡ್ಡದು. ಜ್ವರ ನೋಡುವ ಥರ್ಮಾಮೀಟರಿನ ಜೊತೆ ಹೋಲಿಸಿ ನೋಡಿಕೊಳ್ಳಿ. ಮೊಟ್ಟೆ ಇಡುವ ಮೊದಲು ಖಾಲಿ ಪೆಟ್ಟಿಗೆಯನ್ನು ಒಂದು ದಿನವಾದರೂ ಓಡಿಸಿ ನೋಡಬೇಕು.

ಬಿಸಿ ಹೊಂದಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ನಿಜವಾದ ಪಾಠ ಅಲ್ಲಿಂದ ಶುರುವಾಯಿತು. ಹೆಬ್ಬಾತು ಸುಮಾರು 30 ದಿನ ಗೂಡಿನ ಮೇಲೆ ಸುಮ್ಮನೆ ಕೂತಿರುವುದಿಲ್ಲ. ಮೊಟ್ಟೆಯನ್ನು ಹೊರಳಿಸುತ್ತದೆ, ತಂಪಾಗಲು ಬಿಡುತ್ತದೆ, ಒದ್ದೆ ಮಾಡುತ್ತದೆ, ಕೊನೆಗೆ ಅದರೊಡನೆ ಮಾತನ್ನೂ ಆಡುತ್ತದೆ. ಪೆಟ್ಟಿಗೆ ಇವುಗಳಲ್ಲಿ ಒಂದನ್ನೂ ಮಾಡುವುದಿಲ್ಲ.

ಮೊದಲು ತೇವದ ವಿಷಯ. ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸುಮಾರು ಹತ್ತು ಸಾವಿರ ಸೂಕ್ಷ್ಮ ರಂಧ್ರಗಳಿವೆ. ಹೆಬ್ಬಾತಿನ ಮೊಟ್ಟೆಯೂ ಹೀಗೆಯೇ ಉಸಿರಾಡುತ್ತದೆ. ಆಮ್ಲಜನಕ ಒಳಗೆ ಹೋಗುತ್ತದೆ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹೊರಗೆ ಬರುತ್ತವೆ. ಆದ್ದರಿಂದಲೇ ಪೆಟ್ಟಿಗೆಗೆ ಗಾಳಿಕಂಡಿ ಬೇಕು. ನೀರು ತೀರಾ ಹೆಚ್ಚು ಹೋದರೆ ಮರಿ ಒಣಗಿ ಪೊರೆಗೆ ಅಂಟಿಕೊಳ್ಳುತ್ತದೆ. ತೀರಾ ಕಡಿಮೆ ಹೋದರೆ ಗಾಳಿಕೋಶ ದೊಡ್ಡದಾಗದೆ, ಮೊದಲ ಉಸಿರಿಗೆ ಜಾಗವಿಲ್ಲದೆ ಮರಿ ಸಾಯುತ್ತದೆ.

"ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ, ನೀರಿನ ತಟ್ಟೆ ಬೇಡ" ಎಂದು ನನ್ನ ವಿದ್ಯಾರ್ಥಿಯೊಬ್ಬ ವಾದಿಸಿದ್ದ. ನಿಮಗೂ ಹಾಗೇ ಅನ್ನಿಸಬಹುದು. ವರ್ಷಕ್ಕೆ 2500 ಮಿಲಿಮೀಟರಿನಷ್ಟು ಮಳೆ ಕಾಣುವ ಊರಲ್ಲವೇ ಶಿರಸಿ! ಲೆಕ್ಕ ಮಾಡಿ ನೋಡೋಣ. ಜುಲೈ ತಿಂಗಳ ಗಾಳಿ 24 ಡಿಗ್ರಿ ಇದ್ದು, ಸಾಪೇಕ್ಷ ಆರ್ದ್ರತೆ ನೂರಕ್ಕೆ 95 ಇದೆ ಎನ್ನಿ. ಅದೇ ಗಾಳಿ ಪೆಟ್ಟಿಗೆಯೊಳಗೆ ಹೋಗಿ 37.5 ಡಿಗ್ರಿಗೆ ಕಾಯುತ್ತದೆ. ಅದರಲ್ಲಿರುವ ನೀರಾವಿ ಅಷ್ಟೇ, ಆದರೆ ಕಾದ ಗಾಳಿಗೆ ನೀರಾವಿ ಹಿಡಿಯುವ ಶಕ್ತಿ ಎರಡು ಪಟ್ಟಿಗೂ ಮಿಕ್ಕಿ ಬೆಳೆಯುತ್ತದೆ. ಹೀಗಾಗಿ ಸಾಪೇಕ್ಷ ಆರ್ದ್ರತೆ 95ರಿಂದ 44ಕ್ಕೆ ಇಳಿಯುತ್ತದೆ. ಹೊರಗೆ ಬಟ್ಟೆ ಎಂಟು ದಿನವಾದರೂ ಒಣಗದಿರುವಾಗ ಪೆಟ್ಟಿಗೆಯೊಳಗೆ ಬೇಸಿಗೆ! ಜನವರಿಯಲ್ಲಿ 18 ಡಿಗ್ರಿಯ, ನೂರಕ್ಕೆ 60 ತೇವವಿರುವ ಗಾಳಿಯಾದರೆ ಒಳಗೆ 20ನ್ನೂ ಮುಟ್ಟುವುದಿಲ್ಲ. ಹೆಬ್ಬಾತಿನ ಮೊಟ್ಟೆಗೆ ಬೇಕಾದದ್ದು 55ರ ಆಸುಪಾಸು. ಆದುದರಿಂದ ನೀರಿನ ತಟ್ಟೆ ಯಾವ ಕಾಲಕ್ಕೂ ಬೇಕು. ತಟ್ಟೆ ಎಷ್ಟು ಆಳ ಎನ್ನುವುದು ಮುಖ್ಯವಲ್ಲ, ಎಷ್ಟು ಅಗಲ ಎನ್ನುವುದು ಮುಖ್ಯ. ಆರ್ದ್ರತೆ ಅಳೆಯುವ ಉಪಕರಣ ಇಲ್ಲದವರು ಇನ್ನೊಂದು ಉಷ್ಣಮಾಪಕದ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಡಿ. ಒಣ ಬುರುಡೆ 37.5 ತೋರಿಸುವಾಗ ಒದ್ದೆಯದು 29ರ ಮೇಲೆ ನಿಂತರೆ ಸರಿಯಿದೆ ಎಂದು ತಿಳಿಯಬಹುದು.

ಇದಕ್ಕಿಂತಲೂ ನಂಬಿಕೆಯ ದಾರಿ ತಕ್ಕಡಿ. ಮರಿ ಹೊರಬರುವ ಹೊತ್ತಿಗೆ ಮೊಟ್ಟೆ ತನ್ನ ಮೊದಲ ತೂಕದಲ್ಲಿ ನೂರಕ್ಕೆ 12ರಿಂದ 15ರಷ್ಟು ಕಳೆದುಕೊಂಡಿರಬೇಕು. 150 ಗ್ರಾಂ ಮೊಟ್ಟೆ 28ನೆಯ ದಿನಕ್ಕೆ 130 ಗ್ರಾಂ ಆದರೆ ಹದ ಸರಿ, ಎಂದರೆ ದಿನಕ್ಕೆ ಮುಕ್ಕಾಲು ಗ್ರಾಂಗಿಂತ ತುಸು ಕಡಿಮೆ. ಚಿಪ್ಪಿನ ಮೇಲೆ ಪೆನ್ಸಿಲಿನಲ್ಲಿ ಅಂಕೆ ಬರೆದು ನಾಲ್ಕು ದಿನಕ್ಕೊಮ್ಮೆ ತೂಗಿ. ಹಾಳೆಯ ಮೇಲೆ ನಕ್ಷೆ ಎಳೆದರೆ ನಷ್ಟದ ರೇಖೆ ಸರಿದಾರಿಯಲ್ಲಿದೆಯೇ ಎಂದು ಕಣ್ಣಿಗೇ ಕಾಣುತ್ತದೆ. ನನ್ನದು ಮೊದಲ ವಾರ ಬೇಗ ಬೇಗ ಇಳಿಯುತ್ತಿತ್ತು, ಇನ್ನೊಂದು ತಟ್ಟೆ ಸೇರಿಸಬೇಕಾಯಿತು.

ಹೊರಳಿಸುವ ಕೆಲಸ ದಿನಕ್ಕೆ ಮೂರರಿಂದ ಐದು ಸಲ. ಭ್ರೂಣ ಹಳದಿ ಲೋಳೆಯ ಮೇಲ್ಭಾಗದಲ್ಲಿ ತೇಲುತ್ತಿರುತ್ತದೆ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಪೊರೆಗೆ ಅಂಟಿಕೊಳ್ಳುತ್ತದೆ, ಉಸಿರಾಟಕ್ಕೆ ಬೇಕಾದ ರಕ್ತನಾಳಗಳ ಜಾಲವೂ ಸರಿಯಾಗಿ ಹಬ್ಬುವುದಿಲ್ಲ. ಮೊಟ್ಟೆಯನ್ನು ಅಡ್ಡ ಮಲಗಿಸಿ, ಒಂದು ಮಗ್ಗುಲಿಗೆ ಗುಣಿಸುವ ಗುರುತು, ಇನ್ನೊಂದಕ್ಕೆ ಸೊನ್ನೆ ಹಾಕಿ, ಒಮ್ಮೆ ಇದು ಮೇಲೆ ಒಮ್ಮೆ ಅದು ಮೇಲೆ. ಬೆಸ ಸಂಖ್ಯೆಯ ಸಲ ಹೊರಳಿಸಿದರೆ ರಾತ್ರಿಯ ದೀರ್ಘ ಹೊತ್ತು ಪ್ರತಿದಿನ ಒಂದೇ ಮಗ್ಗುಲಿಗೆ ಬೀಳುವುದಿಲ್ಲ. ಇದನ್ನು ಕೇಳಿ ಎಲ್ಲ ಮೊಟ್ಟೆಗೂ ಇದೇ ನಿಯಮ ಎಂದುಕೊಳ್ಳಬೇಡಿ. ನಮ್ಮ ಘಟ್ಟ ಇಳಿದು ಹೊನ್ನಾವರ, ಕುಮಟಾದ ಕಡಲ ದಂಡೆಗೆ ಹೋದರೆ ಅಲ್ಲಿ ಕಡಲಾಮೆ ಮರಳಿನಲ್ಲಿ ಮೊಟ್ಟೆ ಹೂತು ಹೋಗುತ್ತದೆ. ಆ ಮೊಟ್ಟೆಯನ್ನು ಕೆಲವು ಗಂಟೆಗಳ ಬಳಿಕ ಹೊರಳಿಸಿದರೆ ಭ್ರೂಣ ಸಾಯುತ್ತದೆ. ಹಕ್ಕಿಗೆ ಜೀವ ಕೊಡುವ ಕೆಲಸ ಆಮೆಗೆ ಮೃತ್ಯು.

ಇನ್ನು ತಂಪು ಮಾಡುವುದು. ಕಾವಿಗೆ ಕೂತ ಹೆಬ್ಬಾತು ದಿನಕ್ಕೊಮ್ಮೆ ಎದ್ದು ಮೇಯಲು, ಮೀಯಲು ಹೋಗುತ್ತದೆ. ಹೋಗುವ ಮೊದಲು ತನ್ನ ಎದೆಯ ನವುರಾದ ಗರಿಯನ್ನು ಮೊಟ್ಟೆಗಳ ಮೇಲೆ ಹೊದಿಸುತ್ತದೆ. ಮರಳಿ ಬರುವಾಗ ಹೊಟ್ಟೆ ಒದ್ದೆಯಾಗಿರುತ್ತದೆ. ಇದನ್ನು ನೋಡಿಯೇ ಸಾಕುವವರು, ಹತ್ತನೆಯ ದಿನದಿಂದ ಆಚೆಗೆ ದಿನಕ್ಕೊಮ್ಮೆ 10ರಿಂದ 15 ನಿಮಿಷ ಪೆಟ್ಟಿಗೆಯ ಮುಚ್ಚಳ ತೆಗೆದು, ಮೊಟ್ಟೆಯ ಮೇಲೆ ಉಗುರುಬೆಚ್ಚಗಿನ ನೀರು ಚಿಮುಕಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ದೊಡ್ಡ ಮೊಟ್ಟೆಗೆ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಕಡಿಮೆ ಎಂಬುದನ್ನು ನೀವು ಗಣಿತದಲ್ಲಿ ಕಲಿತಿದ್ದೀರಿ. ಕೊನೆಯ ದಿನಗಳಲ್ಲಿ ಭ್ರೂಣ ತಾನೇ ಹುಟ್ಟಿಸುವ ಬಿಸಿ ಹೊರಗೆ ಹೋಗಲು ದಾರಿ ಬೇಕು. ತಂಪಿಗಿಂತ ಹೆಚ್ಚು ಬೇಗ ಕೊಲ್ಲುವುದು ಅತಿ ಬಿಸಿ.

ಹತ್ತನೆಯ ರಾತ್ರಿ ಕತ್ತಲೆಯ ಕೋಣೆಯಲ್ಲಿ ಮೊಟ್ಟೆಯ ಅಗಲ ತುದಿಗೆ ಟಾರ್ಚ್ ಹಿಡಿದು ನೋಡಿದೆವು. ಜೀವವಿರುವ ಮೊಟ್ಟೆಯಲ್ಲಿ ಜೇಡದಂತೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಕಾಲುಗಳಂತೆ ಹರಡಿದ ಕೆಂಪು ನಾಳಗಳು. ನಮ್ಮ ಆರರಲ್ಲಿ ಒಂದು ಗೊಡ್ಡು, ಬರೀ ಹಳದಿ ಬೆಳಕು. ಇನ್ನೊಂದರಲ್ಲಿ ನಾಳಗಳಿಲ್ಲದೆ ಕೆಂಪು ಬಳೆಯೊಂದು ಮಾತ್ರ, ಎಂದರೆ ಶುರುವಾಗಿ ಸತ್ತದ್ದು. ಇವೆರಡನ್ನೂ ತೆಗೆದೆವು. ಕೊಳೆತರೆ ಒಡೆದು ಉಳಿದವನ್ನೂ ಕೆಡಿಸುತ್ತವೆ.

ಹತ್ತೊಂಬತ್ತನೆಯ ದಿನ, ಮೇ ತಿಂಗಳ ನಡುವೆ, ಸಂಜೆ ನಾಲ್ಕಕ್ಕೆ ಗುಡುಗು ಮಳೆ ಬಂತು. ಮಳೆಗಾಲದ ಮುಂಚಿನ ಆ ಗಾಳಿಮಳೆ ನಿಮಗೆ ಗೊತ್ತಲ್ಲ. ಎಲ್ಲೋ ಮರ ತಂತಿಯ ಮೇಲೆ ಬಿತ್ತು, ವಿದ್ಯುತ್ತು ಹೋಯಿತು. ಏಳು ಗಂಟೆಗೆ ಪೆಟ್ಟಿಗೆ 31 ಡಿಗ್ರಿಗೆ ಇಳಿದಿತ್ತು. ನಾನು ಆಸೆ ಬಿಟ್ಟು, ಬೆಳಗ್ಗೆ ಭಾವನಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದೆ. ನಲವತ್ತು ವರ್ಷ ಕೋಳಿ ಸಾಕಿದ ನೆರೆಮನೆಯ ಅಜ್ಜಿ ಬಂದು ಪೆಟ್ಟಿಗೆಯೊಳಗೆ ಕೈಯಿಟ್ಟು ನೋಡಿದರು. "ಬಚ್ಚಲ ಹಂಡೆಯಾಗೆ ಬಿಸಿನೀರು ಉಂಟಲ್ಲ ಮಾಸ್ತರ್ರೇ, ಮತ್ತೆಂತಕ್ಕೆ ಸುಮ್ನೆ ಕೂತಿದ್ರಿ?" ಎಂದರು. ಬಾಟಲಿಗಳಿಗೆ ಹಂಡೆಯ ನೀರು ತುಂಬಿ, ಬಟ್ಟೆ ಸುತ್ತಿ, ಮೊಟ್ಟೆಗೆ ತಾಗದಂತೆ ನಾಲ್ಕು ಮೂಲೆಗೆ ಇಟ್ಟೆವು. ಗಾಳಿಕಂಡಿ ಬಿಟ್ಟು ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿದೆವು. ಎರಡು ಗಂಟೆಗೊಮ್ಮೆ ಬಾಟಲಿ ಬದಲಿಸುತ್ತ ರಾತ್ರಿ ಕಳೆಯಿತು. ಬಿಸಿ 34ರಿಂದ 37ರ ನಡುವೆ ಏರಿಳಿಯುತ್ತಿತ್ತು. ವಿದ್ಯುತ್ತು ಬಂದದ್ದು ಮರುದಿನ ಬೆಳಗ್ಗೆ ಏಳಕ್ಕೆ. ಅರ್ಧಕ್ಕಿಂತ ಹೆಚ್ಚು ಬೆಳೆದ ಆ ನಾಲ್ಕು ಮೊಟ್ಟೆಗಳ ಸ್ವಂತ ಬಿಸಿಯೂ ಬಾಟಲಿಗಳ ಜೊತೆ ಸೇರಿತ್ತು. ಮೊದಲ ವಾರದಲ್ಲೇ ಹೀಗಾಗಿದ್ದರೆ ಮೊಟ್ಟೆಗಳದ್ದೇ ಸಹಾಯ ಇರುತ್ತಿರಲಿಲ್ಲ. ಟಾರ್ಚ್ ಹಿಡಿದಾಗ ನಾಲ್ಕರಲ್ಲೂ ಚಲನೆ ಇತ್ತು.

27ನೆಯ ದಿನ ಹೊರಳಿಸುವುದನ್ನು ನಿಲ್ಲಿಸಿ, ತೇವವನ್ನು 75ಕ್ಕೆ ಏರಿಸಿದೆ. ಮರಿ ಮೊದಲು ಕೊಕ್ಕಿನಿಂದ ಒಳಪೊರೆ ಹರಿದು ಗಾಳಿಕೋಶಕ್ಕೆ ಮೂತಿ ಚಾಚಿ ಉಸಿರೆಳೆಯುತ್ತದೆ. ಕೊಕ್ಕಿನ ತುದಿಯಲ್ಲಿ ಅದಕ್ಕಾಗಿಯೇ ಒಂದು ಗಟ್ಟಿ ಮುಳ್ಳಿರುತ್ತದೆ. ಹುಟ್ಟಿದ ಕೆಲವು ದಿನಕ್ಕೆ ಅದು ಉದುರಿ ಹೋಗುತ್ತದೆ. ಆಮೇಲೆ ಚಿಪ್ಪಿನ ಮೇಲೆ ನಕ್ಷತ್ರದಂಥ ಬಿರುಕು. ಅಲ್ಲಿಂದ ಹೊರಬರಲು ಹೆಬ್ಬಾತಿಗೆ ಒಂದು ದಿನ, ಎರಡು ದಿನವೂ ಹಿಡಿಯುತ್ತದೆ. ಒಳಗಿನಿಂದ ಪೀ ಪೀ ಎಂಬ ಸದ್ದು. ತಾಯಿಯಾದರೆ ಈ ಹೊತ್ತಿನಲ್ಲಿ ಮೆಲುದನಿಯಲ್ಲಿ ಉತ್ತರ ಕೊಡುತ್ತಿರುತ್ತದೆ.

ಮೂರು ಮೊಟ್ಟೆಗಳು ಬಿರುಕು ಬಿಟ್ಟವು. ನಾಲ್ಕನೆಯದು ಬಿಡಲೇ ಇಲ್ಲ, ಒಳಗೇ ಸತ್ತಿತ್ತು. ಮೂರರಲ್ಲಿ ಒಂದು ಮರಿ ಬಿರುಕು ಮಾಡಿ ಸುಮಾರು ಇಪ್ಪತ್ತು ಗಂಟೆ ಸುಮ್ಮನಾಯಿತು. ನನಗೆ ತಡೆಯಲಾಗಲಿಲ್ಲ. ಅಜ್ಜಿ ಹೇಳಿಯೂ ಇದ್ದರು: "ಅದ್ರ ತಂಟೆಗೆ ಹೋಗ್ಬೇಡಿ, ಹೊತ್ತಾದಾಗ ಅದಾಗೇ ಬರ್ತದೆ." ನಾನು ವಿಜ್ಞಾನ ಓದಿದವನು, ಚಿಮಟಿಗೆಯಿಂದ ಚಿಪ್ಪನ್ನು ಸ್ವಲ್ಪ ಸ್ವಲ್ಪವೇ ಬಿಡಿಸತೊಡಗಿದೆ. ಪೊರೆಯಿಂದ ರಕ್ತ ಒಸರಿತು. ನಿಲ್ಲಿಸಿದೆ, ಆದರೆ ಆಗಲೇ ತಡವಾಗಿತ್ತು. ಮರಿ ಅರ್ಧ ಗಂಟೆಯಲ್ಲಿ ಸತ್ತಿತು. ಅದು ಸುಮ್ಮನೆ ಮಲಗಿದ್ದಲ್ಲ. ಆ ಹೊತ್ತಿನಲ್ಲಿ ಪೊರೆಯ ನಾಳಗಳಲ್ಲಿರುವ ರಕ್ತ ಮೈಯೊಳಗೆ ಹಿಂದಿರುಗುತ್ತಿರುತ್ತದೆ, ಉಳಿದ ಹಳದಿ ಲೋಳೆ ಹೊಕ್ಕುಳಿನ ಮೂಲಕ ಹೊಟ್ಟೆಗೆ ಸೇರುತ್ತಿರುತ್ತದೆ. ಹೊರಬಂದ ಮೇಲೆ ಒಂದೆರಡು ದಿನ ಅದೇ ಅದರ ಬುತ್ತಿ. ನಾನು ಬಿಡಿಸಿದ್ದು ಆ ಕೆಲಸದ ನಡುವೆ. ಇದನ್ನು ತರಗತಿಯಲ್ಲಿ ವರ್ಷವರ್ಷವೂ ಚಿತ್ರ ಬರೆದು ಹೇಳಿದವನೇ ನಾನು. ಪೆಟ್ಟಿಗೆಯ ಮುಚ್ಚಳವನ್ನು ಮತ್ತೆ ಮತ್ತೆ ತೆಗೆಯುವುದೂ ಕೇಡೇ. ತೇವ ಹೊರಗೆ ಹೋಗಿ, ಬಿರುಕಿನ ಬಳಿ ಪೊರೆ ಒಣಗಿ ಚರ್ಮದಂತೆ ಬಿಗಿಯುತ್ತದೆ.

ಉಳಿದ ಎರಡು ತಾವಾಗಿಯೇ ಹೊರಬಂದವು. ಒದ್ದೆ ಮುದ್ದೆಯಂತಿದ್ದವು ಕೆಲವು ಗಂಟೆಗಳಲ್ಲಿ ಹಳದಿ ಹತ್ತಿಯ ಉಂಡೆಗಳಾದವು, ಕಣ್ಣು ತೆರೆದು ನನ್ನನ್ನೇ ನೋಡಿದವು. ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್ ಎಂಬ ವಿಜ್ಞಾನಿ ಬೂದು ಹೆಬ್ಬಾತಿನ ಮರಿಗಳ ಮೇಲೆ ಇದನ್ನೇ ಅಭ್ಯಾಸ ಮಾಡಿದರು. ಮೊಟ್ಟೆಯಿಂದ ಬಂದ ಮರಿ ಮೊದಲ ಕೆಲವು ಗಂಟೆಗಳಲ್ಲಿ ತನ್ನೆದುರು ಚಲಿಸುವುದನ್ನು ತಾಯಿಯೆಂದು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುತ್ತದೆ. ಲೊರೆಂಜರ ಹಿಂದೆಯೇ ಅವು ಸಾಲಾಗಿ ನಡೆಯುತ್ತಿದ್ದವು, ಕೆರೆಯಲ್ಲಿ ಈಜುತ್ತಿದ್ದವು. ಪ್ರಾಣಿಗಳ ವರ್ತನೆಯ ಬಗೆಗಿನ ಸಂಶೋಧನೆಗಾಗಿ ಅವರಿಗೆ 1973ರಲ್ಲಿ ಟಿಂಬರ್ಗನ್ ಮತ್ತು ಫಾನ್ ಫ್ರಿಶ್ ಅವರೊಡನೆ ನೊಬೆಲ್ ಬಹುಮಾನ ಬಂತು. ನನ್ನ ಮರಿಗಳು ಬಚ್ಚಲಿಗೂ ನನ್ನ ಹಿಂದೆ ಬಂದವು. ನೋಡಿದವರಿಗೆ ತಮಾಷೆ. ಮರಿಗೆ ತಮಾಷೆಯಲ್ಲ. ಒಂದೇ ಮರಿ ಬೆಳೆಸಿದರೆ ಅದು ಹೆಬ್ಬಾತುಗಳ ಹಿಂಡನ್ನು ತನ್ನದೆಂದು ತಿಳಿಯದೆ ಹೋಗಬಹುದು. ಎರಡಾದರೂ ಇರಲಿ, ದೊಡ್ಡ ಹೆಬ್ಬಾತುಗಳು ಕಣ್ಣಿಗೆ ಬೀಳುವಂತಿರಲಿ. ಈ ಹಕ್ಕಿ ಇಪ್ಪತ್ತು ವರ್ಷವೂ ಬದುಕಬಲ್ಲದು. ನಿಮ್ಮ ಪಿಯುಸಿ ಮುಗಿದು, ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆಂದು ಮೊಟ್ಟೆ ಇಡುವ ಮೊದಲೇ ಮನೆಯವರನ್ನು ಕೇಳಿ.

ಮರಿಗಳ ಆರೈಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ವಾರ 32 ಡಿಗ್ರಿಯಷ್ಟು ಬೆಚ್ಚಗೆ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬನ್ನಿ. ಮರಿಗಳು ಬಲ್ಬಿನ ಕೆಳಗೆ ಒತ್ತಿಕೊಂಡರೆ ಚಳಿ, ಮೂಲೆಗೆ ಓಡಿದರೆ ಸೆಖೆ. ಮೂಗು ಮುಳುಗುವಷ್ಟು ಆಳದ ನೀರು, ಕೋಳಿಮರಿಯ ಆಹಾರ, ಸಣ್ಣಗೆ ಹೆಚ್ಚಿದ ಎಳೆ ಹುಲ್ಲು ಸಾಕು. ಬಾತು ಎಂದರೆ ನೀರು ಎಂದು ಮೊದಲ ದಿನವೇ ಕೆರೆಗೆ ಬಿಡಬೇಡಿ, ತಾಯಿಯಿಲ್ಲದ ಎಳೆಮರಿ ನೆನೆದು ಚಳಿಗೆ ಸಾಯುತ್ತದೆ. ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟಕ್ಕೆ ಮರಿಗಳನ್ನು ಮೇಯಲು ಬಿಡಬೇಡಿ. ಅದರಲ್ಲಿರುವ ಮೈಲುತುತ್ತ ಹುಲ್ಲಿನ ಮೇಲೂ ಬಿದ್ದಿರುತ್ತದೆ.

ನನ್ನ ಪೆಟ್ಟಿಗೆಯ ಸುದ್ದಿ ಹಬ್ಬಿದ ಮೇಲೆ ಹುಡುಗನೊಬ್ಬ ಕರವಸ್ತ್ರದಲ್ಲಿ ಒಂದು ತಿಳಿನೀಲಿ ಮೊಟ್ಟೆ ತಂದ. ಶಿರಸಿ ಹತ್ತಿರ ಸೋಂದೆಯಲ್ಲಿ ಮುಂಡಿಗೆಕೆರೆ ಇದೆಯಲ್ಲ, ಕೆರೆಯೊಳಗಿನ ಮುಂಡಿಗೆ ಗಿಡಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ಬಿಳಿ ಕೆಂಬರಲುಗಳು ಗೂಡು ಕಟ್ಟುತ್ತವೆ. ಅಲ್ಲಿಂದ ತಂದದ್ದು, ಬೆಳ್ಳಕ್ಕಿಯ ಮೊಟ್ಟೆ. "ಇದನ್ನೂ ಮರಿ ಮಾಡಿ ಸಾರ್" ಎಂದ. ಬಯ್ಯಲು ಮನಸ್ಸಾಗಲಿಲ್ಲ. ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎಂದು ಹೇಳಿದೆ. ಅದಕ್ಕಿಂತ ಅವನಿಗೆ ನಾಟಿದ್ದು ಇನ್ನೊಂದು ಸಂಗತಿ. ಹೆಬ್ಬಾತಿನ ಮರಿ ಮೈತುಂಬ ತುಪ್ಪಳ ಹೊತ್ತು ಹುಟ್ಟುತ್ತದೆ, ಮರುದಿನವೇ ಹುಲ್ಲು ಕುಕ್ಕುತ್ತದೆ. ಬೆಳ್ಳಕ್ಕಿಯ ಮರಿಗೆ ನಿಲ್ಲಲೂ ಶಕ್ತಿಯಿರುವುದಿಲ್ಲ. ತಂದೆತಾಯಿ ಇಬ್ಬರೂ ವಾರಗಟ್ಟಲೆ ಮೀನು, ಕಪ್ಪೆ ನುಂಗಿ ತಂದು ಕಕ್ಕಿ ಉಣಿಸಬೇಕು. ಯಾವ ಪೆಟ್ಟಿಗೆ ಅದನ್ನು ಮಾಡೀತು? ಅವನೂ ನಾನೂ ಅರಣ್ಯ ಇಲಾಖೆಯವರ ಬಳಿ ಹೋಗಿ ಮೊಟ್ಟೆ ಒಪ್ಪಿಸಿ ಬಂದೆವು.

ನನ್ನ ಎರಡು ಮರಿಗಳು ಮೂರು ತಿಂಗಳಾದ ಮೇಲೆ ಯಲ್ಲಾಪುರದ ಮನೆಗೆ ಮರಳಿದವು. ಎರಡೂ ಹೆಣ್ಣು. ಬೇರೆ ಕಡೆಯಿಂದ ತಂದ ಗಂಡಿನೊಡನೆ ಒಂದು ಜೊತೆಯಾಯಿತು. 2021ರಲ್ಲಿ ಅದು ಐದು ಮೊಟ್ಟೆ ಇಟ್ಟು ಕಾವಿಗೆ ಕೂತಿದೆ ಎಂದು ಭಾವ ಫೋನು ಮಾಡಿದರು. ಹೋಗಿ ದೂರದಲ್ಲಿ ಕುರ್ಚಿ ಹಾಕಿ ಕೂತೆ. ತಾಯಿಯನ್ನು ನೋಡದ, ಬಲ್ಬಿನ ಬೆಳಕಿನಲ್ಲಿ ಹುಟ್ಟಿದ ಹಕ್ಕಿ ಅದು. ಮಧ್ಯಾಹ್ನ ಎದ್ದು, ಎದೆಯ ಗರಿ ಕಿತ್ತು ಮೊಟ್ಟೆಗಳ ಮೇಲೆ ಹೊದಿಸಿ, ಹೊಂಡಕ್ಕೆ ಇಳಿಯಿತು. ನಾನು ಗಡಿಯಾರ ನೋಡಿದೆ. ಮಿಂದು, ಮೆಂದು, ಒದ್ದೆ ಹೊಟ್ಟೆಯಲ್ಲಿ ಹಿಂದಿರುಗಿ ಕೂರುವಾಗ ಹದಿನೆಂಟು ನಿಮಿಷವಾಗಿತ್ತು. ನನ್ನನ್ನು ಕಂಡು ಕತ್ತು ಚಾಚಿ ಬುಸುಗುಟ್ಟಿತು.